ನೆರಳೂ ಒಂದು ಅಮಾನತ್

ಶಿಡ್ಲಘಟ್ಟ, ಚಿಂತಾಮಣಿಯ ರೈತರಿಗೆ ಚಾಕಿ ಹುಳುಗಳನ್ನು ಒಯ್ಯುವ ನಮ್ಮ ವಾಹನದ ಸರಕುಪೆಟ್ಟಿಗೆಗೆ ಈ ಬೇಸಿಗೆಯಲ್ಲಿ ನಾವು ಒಳಪದರ ಹೊದಿಸಿದೆವು. ಎರಡನೇ ಜ್ವರ ದಾಟಿದ ಆ ಎಳೆಯ ಜೀವಗಳಿಗೆ 26ರಿಂದ 28 ಡಿಗ್ರಿ ಶಾಖವೇ ಹಿತ; ಬಿಸಿಲಿಗೆ ಕಾದ ತಗಡು ಬಹುಬೇಗ ಅದನ್ನು ಮೀರಿಸುತ್ತದೆ.

ಛಾವಣಿಗೂ ಪಕ್ಕಗಳಿಗೂ ಥರ್ಮಾಕೋಲ್ ಹಾಳೆ, ಇಂಜಿನ್ನಿನ ಬಿಸಿ ಏರುವ ತಳಕ್ಕೆ ಇನ್ನೂ ದಪ್ಪನೆಯ ಪದರ. ಆದರೆ ಗಾಳಿಕಿಂಡಿಗಳನ್ನು ಮುಚ್ಚಲಿಲ್ಲ, ಹುಳುಗಳೂ ಉಸಿರಾಡುತ್ತವೆ. ಥರ್ಮಾಕೋಲ್ ಶಾಖವನ್ನು ತಡಮಾಡಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಆದುದರಿಂದ ಫಜ್ರ್ ನಮಾಝ್ ಮುಗಿಸಿ, ತಂಪು ಹೊತ್ತಿನಲ್ಲೇ ಹೊರಡುತ್ತೇವೆ.

ಹುಳು ಬಾಡಿದರೆ ಗೂಡಿಲ್ಲ. ಗೂಡಿಲ್ಲದಿದ್ದರೆ ರೈತನ ಸಾಲ ತೀರದು, ನೂಲು ತೆಗೆಯುವ ನಮ್ಮವರ ಒಲೆಯೂ ಉರಿಯದು. ಬಾಯಿಲ್ಲದ ಜೀವವನ್ನು ಜೋಪಾನವಾಗಿ ತಲುಪಿಸುವುದೂ ಅಮಾನತ್ ಅಲ್ಲವೇ?