ಸ್ಪ್ರಿಂಗಿನ ಬಿಗಿ

ಹಲಸೂರು, ಜನವರಿ 12, 2025, ಭಾನುವಾರ

ಮೊಮ್ಮಗಳ .22 ಪಿಸ್ತೂಲು ಇವತ್ತೂ ರೇಂಜಿನಲ್ಲಿ ಕೈಕೊಟ್ಟಿತು. ಹ್ಯಾಮರ್ ಬೀಳುತ್ತದೆ, ಗುಂಡು ಹಾರುವುದಿಲ್ಲ. ಹಾರದ ಕಾಡತೂಸುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಫೈರಿಂಗ್ ಪಿನ್ನಿನ ಗುರುತು ತೀರ ಮಾಸಲು. .22ರಲ್ಲಿ ಸಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗಿರುತ್ತದೆ. ಪಿನ್ನು ಆ ಹಿತ್ತಾಳೆಯನ್ನು ಜಜ್ಜಿದರೆ ಮಾತ್ರ ಕಿಡಿ. ಜಜ್ಜುವ ಬಲ ಹ್ಯಾಮರ್ ಸ್ಪ್ರಿಂಗಿನದು.

ಬಿಚ್ಚಿ ನೋಡಿದರೆ, ಹಿಂದಿನ ಮಾಲೀಕರು ಟ್ರಿಗರ್ ಹಗುರಾಗಲೆಂದು ಆ ಸ್ಪ್ರಿಂಗಿನ ಒಂದು ಸುತ್ತನ್ನೇ ಕತ್ತರಿಸಿದ್ದಾರೆ. ಕತ್ತರಿಸಿದ ಸ್ಪ್ರಿಂಗ್ ಮೃದುವಾಗುವುದಿಲ್ಲ, ಉಳಿದ ಸುತ್ತುಗಳು ಇನ್ನಷ್ಟು ಬಿರುಸಾಗುತ್ತವೆ. ಕಳೆದುಹೋಗುವುದು ಜೋಡಿಸುವಾಗಲೇ ಅದುಮಿಟ್ಟ ಒತ್ತಡ. ಒಳ್ಳೆಯ ಆಯುಧವನ್ನು ಹೀಗೆ ಕೆಡಿಸಿದ್ದು ನೋಡಿ ಸಂಕಟವಾಯಿತು.

ಜನವರಿ 14, ಸಂಕ್ರಾಂತಿ

ಎಳ್ಳು ಬೀರಲು ಬಂದವಳು ಕೇಳಿದಳು: "ತಾತ, ಸ್ಪ್ರಿಂಗ್ ಬಿಗಿ ಮಾಡಿದ್ರೆ ಟ್ರಿಗರೂ ಗಟ್ಟಿಯಾಗಲ್ವಾ?"

ಸ್ವಲ್ಪ ಆಗುತ್ತದೆ. ಹ್ಯಾಮರನ್ನು, ಅದನ್ನು ಹಿಡಿದಿಡುವ ಸಿಯರ್ ಎಂಬ ಕೊಂಡಿಯ ಮೇಲೆ ಒತ್ತುವುದು ಆ ಸ್ಪ್ರಿಂಗೇ. ಆ ಒತ್ತಡದಡಿಯಿಂದ ಸಿಯರನ್ನು ಜಾರಿಸುವುದು ಟ್ರಿಗರಿನ ಕೆಲಸ. ಆದರೆ ಸಿಯರಿನ ಕಚ್ಚು ಎಷ್ಟು ಆಳ, ಎಷ್ಟು ನಯ ಎನ್ನುವುದನ್ನು ಬೆರಳು ಮೊದಲು ಗುರುತಿಸುತ್ತದೆ.

ನಮ್ಮ ಸೈನ್ಯದ 9 ಎಂಎಂ 1ಎ ಪಿಸ್ತೂಲು ಇಶಾಪುರದ ಕಾರ್ಖಾನೆಯದು, ಬ್ರೌನಿಂಗ್ ಹೈ-ಪವರಿನ ಪಡಿಯಚ್ಚು. 1935ರ ಆ ಹೈ-ಪವರಿನ ಟ್ರಿಗರ್ ತರಿತರಿ ಎಂದು ಎಲ್ಲರೂ ಹ್ಯಾಮರ್ ಸ್ಪ್ರಿಂಗನ್ನು ಬೈಯುತ್ತಾರೆ. ಅದು ಅನ್ಯಾಯ. ಟ್ರಿಗರ್ ಎಳೆಯುವಾಗ, ಮ್ಯಾಗಜಿನ್ ತೆಗೆದಿದ್ದರೆ ಗುಂಡು ಹಾರದಂತೆ ತಡೆಯುವ ಮ್ಯಾಗಜಿನ್ ಸೇಫ್ಟಿಯ ಪುಟ್ಟ ಪ್ಲಂಜರ್ ಮ್ಯಾಗಜಿನ್ನಿನ ಮುಂಬದಿಗೆ ಉಜ್ಜುತ್ತದೆ, ತರಿ ಅಲ್ಲಿಯದು. ಕೆಸರು, ಚಳಿ, ಹಳೇ ಮದ್ದು, ಏನಿದ್ದರೂ ಸಿಡಿಯಲೇಬೇಕಾದ ಆಯುಧಕ್ಕೆ ಹ್ಯಾಮರ್ ಸ್ಪ್ರಿಂಗ್ ಅಷ್ಟು ಬಿಗಿ ಇರಲೇಬೇಕು. ಆರ್ಮರರ್ ಆಗಿದ್ದಷ್ಟು ಕಾಲ ಅದನ್ನು ಸಡಿಲಿಸಲು ನಾನು ಯಾರಿಗೂ ಬಿಟ್ಟವನಲ್ಲ.

ಜನವರಿ 17, ಶುಕ್ರವಾರ

ಶಿವಾಜಿನಗರದಲ್ಲೇ ಒಂದು ಸ್ಪ್ರಿಂಗ್ ಸುತ್ತಿಸೋಣ ಎಂದರು ಅಳಿಯಂದಿರು. ಬೇಡವೆಂದೆ. ತಂತಿಯ ದಪ್ಪ ನೂರಕ್ಕೆ 10 ಹೆಚ್ಚಿದರೆ ಸ್ಪ್ರಿಂಗಿನ ಬಿಗಿ ನೂರಕ್ಕೆ 46 ಏರುತ್ತದೆ. ಇಲ್ಲಿ ಅಂದಾಜು ನಡೆಯುವುದಿಲ್ಲ.

ಅದೂ ಅಲ್ಲದೆ ಸ್ಲೈಡ್ ಹಿಂದಕ್ಕೆ ಹೋಗುವಾಗ ಹ್ಯಾಮರನ್ನು ಮಡಿಸುತ್ತಾ ಹೋಗಬೇಕು, ರಿಕಾಯಿಲ್ ಸ್ಪ್ರಿಂಗನ್ನೂ ಅದುಮಬೇಕು. .22ರ ಗುಂಡು ಸುಮಾರು 2.6 ಗ್ರಾಂ, ಅದರ ಒದೆತವೇ ಎಷ್ಟು! ಎರಡೂ ಬಿಗಿಯಾದರೆ ಸ್ಲೈಡ್ ಅರ್ಧದಲ್ಲೇ ಮರಳುತ್ತದೆ, ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ರಿಕಾಯಿಲ್ ಸ್ಪ್ರಿಂಗ್ ಸಡಿಲವಾದರೋ, ಸ್ಲೈಡ್ ಫ್ರೇಮಿಗೆ ಗುದ್ದುತ್ತದೆ. ವಾಪಸು ಬರುವಾಗ ಮುಂದಿನ ಕಾಡತೂಸನ್ನು ಒಳಗೆ ತಳ್ಳಲು ಕಸುವಿರುವುದಿಲ್ಲ. ಸಿಯರ್ ಸ್ಪ್ರಿಂಗಿಗಂತೂ ಕೈ ಹಾಕಲೇಬಾರದು. ಅದು ಸೋತರೆ ಹ್ಯಾಮರ್ ನಿಲ್ಲದೆ ಒಂದರ ಬೆನ್ನಿಗೆ ಇನ್ನೊಂದು ಹಾರೀತು.

ಜನವರಿ 19, ಭಾನುವಾರ

ಲೈಸೆನ್ಸ್ ಇರುವ ಗನ್‌ಸ್ಮಿತ್ ನಿನ್ನೆ ಕಂಪನಿಯ ಸ್ಪ್ರಿಂಗ್ ಕೂರಿಸಿಕೊಟ್ಟರು. ಇವತ್ತು ತೂಕ ನೇತುಹಾಕಿ ನೋಡಿದೆವು: ಸ್ಪರ್ಧೆಯ ನಿಯಮದ 1000 ಗ್ರಾಂ ತೂಕವನ್ನು ಟ್ರಿಗರ್ ಎತ್ತುತ್ತದೆ. ಅದರಲ್ಲಿ ಮುಕ್ಕಾಲು ಪಾಲನ್ನು ಟ್ರಿಗರ್ ಎಳೆತದ ಮೊದಲ ಹಂತಕ್ಕೆ ಹಾಕಿಸಿದ್ದೇನೆ. ಗುಂಡು ಬಿಡುವ ಗಳಿಗೆಗೆ ಬೆರಳಿಗೆ ಉಳಿಯುವುದು 250 ಗ್ರಾಮಿನಷ್ಟೇ. ಹಗುರ ಬೇಕಿದ್ದರೆ ಹೀಗೆ ಪಡೆಯಬೇಕು.

ರಿಯೋ 2016ರಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಆಡಿದ 50 ಮೀಟರ್ ಪಿಸ್ತೂಲಿಗೆ ಟ್ರಿಗರ್ ತೂಕದ ಕಟ್ಟಳೆಯೇ ಇರಲಿಲ್ಲ. ಒಂದೊಂದೇ ಗುಂಡು ಕೈಯಿಂದ ತುಂಬುವ ಪಿಸ್ತೂಲು, ಉಸಿರು ತಾಕಿದರೆ ಹಾರುವಷ್ಟು ನಾಜೂಕಾಗಿ ಇಟ್ಟುಕೊಳ್ಳಬಹುದಿತ್ತು. ಇವಳದು 25 ಮೀಟರ್. ಅದರ ವೇಗದ ಹಂತದಲ್ಲಿ ಗುರಿ 3 ಸೆಕೆಂಡು ಕಾಣುತ್ತದೆ, 7 ಸೆಕೆಂಡು ಮರೆ. ಅಷ್ಟರಲ್ಲಿ ಪಿಸ್ತೂಲು ತಾನೇ ತುಂಬಿಕೊಳ್ಳಬೇಕು. ಟೋಕಿಯೋ ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ನಡುವೆ ಕೆಟ್ಟು ಸಮಯ ಹೋಯಿತು, 2 ಅಂಕದಲ್ಲಿ ಫೈನಲ್ ತಪ್ಪಿತು. ಆ ಹುಡುಗಿಯ ಮುಖ ನನಗಿನ್ನೂ ಮರೆತಿಲ್ಲ.

ಇವತ್ತು ಪಿನ್ನಿನ ಗುರುತುಗಳೆಲ್ಲ ಆಳವಾಗಿ, ಒಂದೇ ಸಮನಾಗಿವೆ. ಒಂದು ಸುತ್ತಿನಲ್ಲಿ ಮಾತ್ರ ಐದನೆಯ ಕಾಡತೂಸು ಮೇಲೇರಲು ತಡವರಿಸಿತು. ಮ್ಯಾಗಜಿನ್ ಸ್ಪ್ರಿಂಗಿನ ಒತ್ತು ಕೊನೆಯದರ ಹೊತ್ತಿಗೇ ಎಲ್ಲಕ್ಕಿಂತ ಕಡಿಮೆ ಇರುವುದು. ಅದನ್ನೂ ಬದಲಿಸಲು ಬುಧವಾರಕ್ಕೆ ಹೇಳಿದ್ದೇನೆ.