ಚೆಂಡು ಹೆಕ್ಕುವ ಹುಡುಗ

ನಾನು ಹುಟ್ಟಿದ್ದು 1980ರಲ್ಲಿ. ಟೆನಿಸ್ ಆಟಗಾರ ರೋಹನ್ ಬೋಪಣ್ಣ ಹುಟ್ಟಿದ್ದೂ ಅದೇ ವರ್ಷ, ಮಾರ್ಚ್ 4ರಂದು. ನಮ್ಮಿಬ್ಬರಿಗೂ ಇನ್ನೊಂದು ಹೋಲಿಕೆಯಿದೆ. ಹನ್ನೊಂದನೇ ವಯಸ್ಸಿನಲ್ಲಿ, ಕಾಫಿ ಗಿಡಗಳ ನಡುವೆ, ಇಬ್ಬರ ಕೈಗೂ ಟೆನಿಸ್ ಚೆಂಡು ಬಂತು. ಕೊಡಗಿನಲ್ಲಿ ಅವರು ಅದನ್ನು ಹೊಡೆದರು. ಕೊಪ್ಪದ ಹತ್ತಿರದ ಎಸ್ಟೇಟೊಂದರಲ್ಲಿ ನಾನು ಅದನ್ನು ಹೆಕ್ಕಿ ಕೊಟ್ಟೆ.

ನಮ್ಮ ಮಾಮು ಆ ಎಸ್ಟೇಟಿನ ಬಂಗಲೆಯಲ್ಲಿ ಅಡುಗೆಯವರಾಗಿದ್ದರು. ನಾನು ಎನ್.ಆರ್. ಪುರದ ನಾನಿಯ ಮನೆಯಲ್ಲಿದ್ದು ಉರ್ದು ಶಾಲೆಗೆ ಹೋಗುತ್ತಿದ್ದೆ. ಅದು 1991. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದ ವರ್ಷ. ಬೇಸಿಗೆ ರಜೆಯಲ್ಲಿ ಆ ಬಸ್ಸು ಹತ್ತಿ ಅಬ್ಬಾ-ಅಮ್ಮಿಯ ಬಳಿಗೆ ಕೊಪ್ಪಕ್ಕೆ ಬಂದರೆ, ಮಾಮು ನನ್ನನ್ನು ತೋಟಕ್ಕೆ ಕರೆದೊಯ್ಯುತ್ತಿದ್ದರು. ಬಂಗಲೆಯ ಪಕ್ಕದಲ್ಲಿ ಕೆಮ್ಮಣ್ಣಿನ ಕೋರ್ಟು, ಸುಣ್ಣದಲ್ಲಿ ಎಳೆದ ಗೆರೆಗಳು. ಸಂಜೆ ಸಾಹುಕಾರರ ಮಕ್ಕಳು ಆಡುತ್ತಿದ್ದರು. ಕಾಫಿ ಗಿಡದ ಬುಡಕ್ಕೆ ಉರುಳಿದ ಚೆಂಡನ್ನು ತಂದುಕೊಡುವುದು ನನ್ನ ಕೆಲಸ. ಒಂದು ಸಂಜೆ ಬೆಂಚಿನ ಮೇಲಿದ್ದ ರಾಕೆಟ್ಟನ್ನು ಎತ್ತಿಕೊಂಡು ಒಂದೇ ಒಂದು ಹೊಡೆತ ಹೊಡೆದೆ. ಯಾರೂ ಬೈಯಲಿಲ್ಲ. ಸಾಹುಕಾರರ ಮಗ ನಗುತ್ತಲೇ, "ಅದು ದುಬಾರಿಯದ್ದು ಮಾರಾಯ, ಅಲ್ಲಿಡು" ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾಮು ತಲೆ ತಗ್ಗಿಸಿದರು. ನನಗೆ ಇಂದಿಗೂ ಆ ಹೊಡೆತಕ್ಕಿಂತ ಆ ತಗ್ಗಿದ ತಲೆಯೇ ಹೆಚ್ಚು ನೆನಪಿದೆ.

ಬಹಳ ವರ್ಷಗಳ ಬಳಿಕ ಪತ್ರಿಕೆಗಳಲ್ಲಿ ಬೋಪಣ್ಣ ಅವರ ಬಗ್ಗೆ ಓದತೊಡಗಿದಾಗ ನನ್ನಲ್ಲಿ ಹುಟ್ಟಿದ್ದು ಅಭಿಮಾನವಲ್ಲ, ಅಸೂಯೆ. 'ಕಾಫಿ ಪ್ಲಾಂಟರ್ ಮಗ, ಆಡದೆ ಇರುತ್ತಾನೆಯೇ?' ಎಂದುಕೊಂಡಿದ್ದೆ. ಆಮೇಲೆ ವಿವರ ತಿಳಿಯಿತು. ಮಗ ಒಂಟಿಯಾಗಿ ಆಡುವ ಆಟವೊಂದನ್ನು ಕಲಿಯಲಿ ಎಂದು ಬಯಸಿದವರು ಅವರ ತಂದೆ. ಸರ್ವ್ ಹೊಡೆಯುವ ಭುಜ ಬಲವಾಗಲಿ ಎಂದು ಹುಡುಗ ಸೌದೆ ಸೀಳುತ್ತಿದ್ದ, ದಮ್ಮು ಕಟ್ಟಲೆಂದು ಕಾಫಿ ತೋಟದ ದಾರಿಗಳಲ್ಲಿ ಓಡುತ್ತಿದ್ದ. ಹದಿಹರೆಯದಲ್ಲೇ ಮನೆ ಬಿಟ್ಟು ತರಬೇತಿಗಾಗಿ ಪುಣೆಗೆ ಹೋದ. 2002ರಲ್ಲಿ ಡೇವಿಸ್ ಕಪ್ ತಂಡ ಸೇರಿ, 2003ರಲ್ಲಿ ವೃತ್ತಿಪರ ಆಟಗಾರನಾದ.

ವೃತ್ತಿಪರ ಎಂದ ಕೂಡಲೇ ನಾವು ಕೋಟಿಗಳ ಲೆಕ್ಕ ಹಾಕುತ್ತೇವೆ. ಟೆನಿಸ್ಸಿನ ಕೆಳಗಿನ ಮೆಟ್ಟಿಲಿಗೆ ಆಗ ಫ್ಯೂಚರ್ಸ್ ಎಂದು ಹೆಸರು. ಆ ಕಾಲದಲ್ಲಿ ಎಷ್ಟೋ ಫ್ಯೂಚರ್ಸ್ ಪಂದ್ಯಾವಳಿಗಳ ಇಡೀ ಬಹುಮಾನವೇ 10,000 ಡಾಲರ್. ಗೆದ್ದವರು, ಸೋತವರು ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಸೋತವನಿಗೆ ಸಿಗುವುದು ನೂರು ಚಿಲ್ಲರೆ ಡಾಲರ್. ವಿಮಾನ, ವಸತಿ, ಊಟ, ತರಬೇತುದಾರ ಎಲ್ಲವೂ ಕೈಯಿಂದಲೇ. ಗಳಿಸಿದ ಅಂಕಗಳಿಗೂ 52 ವಾರಗಳ ಆಯಸ್ಸು ಮಾತ್ರ. ಮತ್ತೆ ಗಳಿಸದಿದ್ದರೆ ಕೆಳಗೆ ಜಾರಬೇಕು. ಅದರ ಮೇಲಿನ ಮೆಟ್ಟಿಲು ಚಾಲೆಂಜರ್, ಅದಕ್ಕೂ ಮೇಲೆ ನಾವು ಟಿವಿಯಲ್ಲಿ ನೋಡುವ ಎಟಿಪಿ ಟೂರ್. ತೋಟದ ಆದಾಯವನ್ನು ನಂಬುವಂತೆಯೂ ಇರಲಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಏರಿದ್ದ ಕಾಫಿ ಬೆಲೆ, 2001ರ ಹೊತ್ತಿಗೆ ಪಾತಾಳ ಕಂಡಿತ್ತು. ನಾನು ಚೆಂಡು ಹೆಕ್ಕಿದ ಕೋರ್ಟಿನಲ್ಲಿ ಆಗ ಹುಲ್ಲು ಬೆಳೆದಿತ್ತು. ಬೆಲೆ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲೇ ಬೋಪಣ್ಣ ಈ ದಾರಿಗೆ ಕಾಲಿಟ್ಟದ್ದು.

ಸಿಂಗಲ್ಸ್‌ನಲ್ಲಿ ಅವರು ತಲುಪಿದ ಅತಿ ಎತ್ತರದ ಸ್ಥಾನ 213, ಅದೂ 2007ರಲ್ಲಿ. ಒಂಟಿ ಆಟಕ್ಕೆಂದು ಹೊರಟ ಹುಡುಗ ಬದುಕು ಕಂಡುಕೊಂಡದ್ದು ಇಬ್ಬರ ಆಟದಲ್ಲಿ. ಮೊದಲ ಎಟಿಪಿ ಪ್ರಶಸ್ತಿ ಬಂದದ್ದು 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಅಮೆರಿಕದ ಎರಿಕ್ ಬ್ಯುಟೊರಾಕ್ ಜೊತೆಗೂಡಿ. ಆಗ ವಯಸ್ಸು 28. ನಮ್ಮ ಕಡೆ ಆ ವಯಸ್ಸಿನ ಹುಡುಗನಿಗೆ, "ಇನ್ನಾದರೂ ಒಂದು ದಾರಿ ನೋಡಿಕೋ" ಎಂದು ಬುದ್ಧಿ ಹೇಳುವವರೇ ಹೆಚ್ಚು.

ಬುದ್ಧಿ ಹೇಳುವವರ ಸಾಲಿನಲ್ಲಿ ನಾನೂ ಇದ್ದೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

2005ರ ಫೆಬ್ರವರಿಯಲ್ಲಿ ಸಾನಿಯಾ ಮಿರ್ಜಾ ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದಳು. ಹಾಗೆ ಗೆದ್ದ ಮೊದಲ ಭಾರತೀಯ ಹೆಣ್ಣು ಮಗಳು. ಸೆಪ್ಟೆಂಬರಿನ ಹೊತ್ತಿಗೆ ಅಮೆರಿಕನ್ ಓಪನ್‌ನಲ್ಲಿ ನಾಲ್ಕನೇ ಸುತ್ತು ತಲುಪಿದ್ದಳು. ಅದೇ ತಿಂಗಳು ಆಕೆಯ ಉಡುಪಿನ ಬಗ್ಗೆ ದೇಶದ ತುಂಬ ಚರ್ಚೆ. ಕೊಪ್ಪದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಾವೂ ಆ ಹದಿನೆಂಟರ ಹುಡುಗಿಯ ಲಂಗದ ಉದ್ದವನ್ನು ಅಳೆದೆವು. ಆಕೆಯ ಫೋರ್‌ಹ್ಯಾಂಡ್ ಬಗ್ಗೆ ಯಾರೂ ಮಾತಾಡಲಿಲ್ಲ.

ಆ ವರ್ಷ ನನ್ನ ತಂಗಿ ಹತ್ತನೇ ತರಗತಿ. ಥ್ರೋಬಾಲ್‌ನಲ್ಲಿ ಅವಳ ಕೈ ಒಳ್ಳೆಯದು. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಳು. ವಿಭಾಗ ಮಟ್ಟದ ಪಂದ್ಯಕ್ಕೆ ಮೂರು ದಿನ ಹೊರಗೆ ಉಳಿಯಬೇಕಿತ್ತು. ಅಬ್ಬಾ ತೀರಿಕೊಂಡು ಎರಡು ವರ್ಷವಾಗಿತ್ತು, ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಮಾಡಬೇಕು. ಅವಳು ಮೈತುಂಬ ಬಟ್ಟೆ ಹಾಕಿಯೇ ಆಡುತ್ತಿದ್ದಳು, ಜೊತೆಗೆ ಟೀಚರ್ ಕೂಡ ಹೋಗುವವರಿದ್ದರು. ಆದರೂ ನಾನು, "ಜನ ಏನಂದಾರು?" ಎಂದೆ. ಆಗಲೇ ನನ್ನ ಎರಡು ಕತೆಗಳು ಅಚ್ಚಾಗಿದ್ದವು, ಎರಡರಲ್ಲೂ ಹೆಣ್ಣಿನ ಕಣ್ಣೀರಿತ್ತು. ಪತ್ರ ಎರಡು ದಿನ ಮೇಜಿನ ಮೇಲಿತ್ತು, ಮೂರನೆಯ ದಿನ ಇರಲಿಲ್ಲ. ಅವಳು ಕೇಳಲೂ ಇಲ್ಲ, ಅಳಲೂ ಇಲ್ಲ. ಸಾಹುಕಾರರ ಮಗನಾದರೂ ನಗುತ್ತ ಹೇಳಿದ್ದ. ನಾನು ಅಷ್ಟೂ ಮಾಡಲಿಲ್ಲ.

2010ರಲ್ಲಿ, ರಂಜಾನ್ ಹಬ್ಬದ ಆಸುಪಾಸಿನ ದಿನಗಳಲ್ಲಿ, ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿ ಅಮೆರಿಕನ್ ಓಪನ್ ಫೈನಲ್ ಆಡಿದರು. ಬ್ರಯಾನ್ ಸಹೋದರರೆದುರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಸೋತರು. ವಿಶ್ವಸಂಸ್ಥೆಯ ಎರಡೂ ದೇಶಗಳ ರಾಯಭಾರಿಗಳು ಜೊತೆಯಲ್ಲೇ ಕುಳಿತು ನೋಡಿದ್ದರು. ಆ ಜೋಡಿಯ ಬಗ್ಗೆ ನಾನು ಎಷ್ಟೋ ಕಡೆ ಹೆಮ್ಮೆಯಿಂದ ಮಾತಾಡಿದ್ದೇನೆ. ದೇಶಗಳ ನಡುವಿನ ಗೋಡೆಯ ಬಗ್ಗೆ ಮಾತಾಡುವುದು ಸುಲಭ.

2023ರ ಜನವರಿ. ಮೆಲ್ಬರ್ನ್‌ನಲ್ಲಿ ಸಾನಿಯಾ ತನ್ನ ಕೊನೆಯ ಗ್ರ್ಯಾಂಡ್‌ಸ್ಲಾಂ ಆಡಿದಳು. ಮಿಶ್ರ ಡಬಲ್ಸ್ ಫೈನಲ್, ಜೊತೆಗಾರ ಬೋಪಣ್ಣ. ಸೋತ ಬಳಿಕ ಮಾತಾಡುತ್ತ, ಹದಿನಾಲ್ಕನೇ ವಯಸ್ಸಿನಲ್ಲಿ ತನಗೆ ಸಿಕ್ಕ ಮೊಟ್ಟಮೊದಲ ಮಿಶ್ರ ಡಬಲ್ಸ್ ಜೊತೆಗಾರನೂ ರೋಹನ್ನೇ ಎಂದು ಕಣ್ಣು ಒರೆಸಿಕೊಂಡಳು. ಶೃಂಗೇರಿಯಲ್ಲಿರುವ ತಂಗಿಯ ಮನೆಯಲ್ಲಿ ನಾವಿಬ್ಬರೂ ಅದನ್ನು ನೋಡುತ್ತಿದ್ದೆವು. ಅವಳು ಟಿವಿಯಿಂದ ಕಣ್ಣು ತೆಗೆಯದೆ, "ಅವಳ ಅಬ್ಬಾ ಕೋರ್ಟಿನ ಪಕ್ಕದಲ್ಲೇ ನಿಂತಿರುತ್ತಿದ್ದರಂತೆ ಭಾಯಿ" ಎಂದಳು. ಹದಿನೆಂಟು ವರ್ಷಗಳಲ್ಲಿ ಆ ವಿಷಯದ ಬಗ್ಗೆ ಅವಳು ಆಡಿದ್ದು ಇದೊಂದೇ ಮಾತು. ನನ್ನ ಬಳಿ ಉತ್ತರವಿರಲಿಲ್ಲ. "ಚಹಾ ಆರಿತು, ಕುಡೀ" ಎಂದು ಅವಳೇ ನನ್ನನ್ನು ಬಿಡಿಸಿದಳು.

ಮರುವರ್ಷ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿನಲ್ಲಿ ಡಬಲ್ಸ್‌ನ ಜಗತ್ತಿನ ಒಂದನೇ ಸ್ಥಾನಕ್ಕೇರಿದರು. 2025ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ವಿದಾಯ ಹೇಳಿದರು. ಆ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದವಳು ತಂಗಿಯ ಮಗಳು. ಅವಳಿಗೀಗ ಹನ್ನೊಂದು. "ಮಾಮು, ಸೌದೆ ಸೀಳಿದರೆ ಸರ್ವ್ ಬರುತ್ತದಾ?" ಎಂದಳು.

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಕಡೆ ವಿಚಾರಿಸಿದೆ. ಟೆನಿಸ್ ಕಲಿಸುವವರು ನನಗೆ ಸಿಗಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಒಂದು ಸಾಧಾರಣ ರಾಕೆಟ್ಟು, ಮೂರು ಚೆಂಡು ತಂದೆ. ಮನೆಯ ಹಿಂದಿನ ಗೋಡೆಯೇ ಅವಳಿಗೆ ಎದುರಾಳಿ. ಅವಳು ಆಟಗಾರ್ತಿಯಾಗುತ್ತಾಳೆಂಬ ಭ್ರಮೆ ನನಗಿಲ್ಲ. ಆ ದಾರಿಗೆ ಎಷ್ಟು ಖರ್ಚು, ಎಷ್ಟು ಸೋಲು ಎಂದು ಲೆಕ್ಕ ಹಾಕಿದ್ದೇನೆ. ಆದರೆ ಆಡಬೇಕೋ ಬೇಡವೋ ಎಂಬುದು ಅವಳು ಸೋತು ತಿಳಿಯಬೇಕಾದದ್ದು, ನಾನು ಸಹಿ ಹಾಕದೆ ತಿಳಿಸಬೇಕಾದದ್ದಲ್ಲ.

ಮೊನ್ನೆ ಶಾಲೆಯಿಂದ ಕ್ರೀಡಾಕೂಟದ ಒಪ್ಪಿಗೆ ಪತ್ರ ಬಂದಿತ್ತು. ತಂಗಿ ಯಾರನ್ನೂ ಕೇಳದೆ ತಾನೇ ಸಹಿ ಮಾಡಿದಳು. ನಾನು ಹಿತ್ತಲಿಗೆ ಹೋದೆ. ಚೆಂಡೊಂದು ಅಡಿಕೆ ಮರದ ಬುಡಕ್ಕೆ ಉರುಳಿತ್ತು. ಹೆಕ್ಕಿ ಕೊಟ್ಟೆ.