ರಸ್ತೆ ಬದಿಯ ರಾಜಿ

ಬೆಂಗಳೂರಲ್ಲಿ ಗಾಡಿ ಯಾರಿಗಾದರೂ ಗುದ್ದಿದ ಐದೇ ನಿಮಿಷಕ್ಕೆ ಅಲ್ಲೊಂದು ಪಂಚಾಯಿತಿ ಸೇರುತ್ತೆ. ‘ಸ್ಟೇಷನ್ನು, ಕೋರ್ಟು ಅಂತ ಯಾಕೆ ಅಲೀತೀರಾ ಸಾರ್, ಏನೋ ಇಸ್ಕೊಂಡು ಮುಗಿಸಿ’ ಅಂತ ಯಾರೋ ಹಿರಿಯರು ತೀರ್ಪು ಕೊಡ್ತಾರೆ. ನನ್ನ ತಮ್ಮನ ಕೈಗೂ ಹೀಗೇ ಎರಡು ಸಾವಿರ ಬಂತು. ರಾತ್ರಿ ಮಂಡಿ ಊದಿಕೊಂಡಿತು. ಸ್ಕ್ಯಾನ್ ಮಾಡಿಸಿದರೆ ಲಿಗಮೆಂಟ್ ಹರಿದಿತ್ತು. ಆಪರೇಷನ್ ಬಿಲ್ಲು ಲಕ್ಷ ದಾಟಿತು. ಗುದ್ದಿದವರ ಫೋನ್ ಸ್ವಿಚ್ಡ್ ಆಫ್.

ಪರಿಹಾರ ಗುದ್ದಿದವರ ಜೇಬಿಂದಲೇ ಬರಬೇಕಿಲ್ಲ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಇದಕ್ಕೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಆಸ್ಪತ್ರೆ ಖರ್ಚಿನ ಜೊತೆ ಕಳೆದುಕೊಂಡ ಸಂಬಳವನ್ನೂ, ಅನುಭವಿಸಿದ ನೋವನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಕ್ರಿಮಿನಲ್ ಕೇಸ್ ಬೇರೆ, ಪರಿಹಾರದ ಅರ್ಜಿ ಬೇರೆ, ನಿಜ. ಆದರೆ ಅರ್ಜಿಗೆ ಬಲ ಬರೋದು ಎಫ್‌ಐಆರ್, ಗಾಡಿ ನಂಬರ್, ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್‌ಗಳಿಂದ. 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿ ಆರು ತಿಂಗಳ ಗಡುವೂ ಸೇರಿದೆ.

ತಮ್ಮ ಒಂಬತ್ತನೇ ದಿನ ಕುಂಟುತ್ತಾ ಸ್ಟೇಷನ್‌ಗೆ ಹೋದಾಗ ಎದುರಾದ ಮೊದಲ ಪ್ರಶ್ನೆ: ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ನಾಳೆ ವಿಮೆ ಕಂಪನಿಯ ವಕೀಲರು ಕೇಳೋದೂ ಅದನ್ನೇ.

ರಾಜಿ ಬೇಡ ಅಂತಲ್ಲ. ಲೋಕ ಅದಾಲತ್‌ನಲ್ಲಿ ಇಂಥ ಪರಿಹಾರದ ಕೇಸ್‌ಗಳು ರಾಜಿ ಆಗ್ತಾನೇ ಇರುತ್ತವೆ. ಸ್ಕ್ಯಾನ್ ರಿಪೋರ್ಟ್ ಕೈಗೆ ಬರೋಕೆ ಮುಂಚೆ ಮಾತ್ರ ಬೇಡ.